ಸಹಾಯ ಬೇಕು: ಉಪವಾಸವಿದ್ದು ಹಾಲೂಡಿಸುವ ಸೀಲ್‌ಗೆ ಕೀಟೋಸಿಸ್ ಯಾಕೆ ಆಗಲ್ಲ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದ್ತಿದ್ದೀನಿ. ಸೆಮಿನಾರ್‌ಗೆ ಸಿಕ್ಕಿರೋ ವಿಷಯ ಸೀಲ್ ಅನ್ನೋ ಸಮುದ್ರದ ಸಸ್ತನಿಗಳ ಹಾಲೂಡಿಕೆ. (ಸಮುದ್ರಕ್ಕೂ ನಮ್ಮೂರಿಗೂ ಏನು ಸಂಬಂಧವೋ, ಮೇಷ್ಟ್ರಿಗೇ ಗೊತ್ತು!)

ಕ್ಯಾಲಿಫೋರ್ನಿಯಾ ಕಡೆಯ ಎಲಿಫೆಂಟ್ ಸೀಲ್ ಮರಿ ಹಾಕಿದ ಮೇಲೆ ಸುಮಾರು 4 ವಾರ ದಡದಲ್ಲೇ ಬಿದ್ದುಕೊಂಡು, ಏನೂ ತಿನ್ನದೆ ಹಾಲು ಕೊಡುತ್ತೆ. ಮೈತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗಿಹೋಗುತ್ತೆ. ಹಾಲಿನ ಫ್ಯಾಟ್ ಮಾತ್ರ ಏರ್ತಾ ಏರ್ತಾ ಶೇ. 50 ದಾಟುತ್ತೆ, ಡೈರೀಲಿ ಎಮ್ಮೆ ಹಾಲಿಗೆ 7 ಬಂದ್ರೇ ನಾವು ಖುಷಿ ಪಡೋರು. ಇನ್ಸುಲಿನ್ ಇಳಿದು, ಕಾರ್ಟಿಸಾಲ್ ಅನ್ನೋ ಹಾರ್ಮೋನ್ ಏರಿ, ಮೈಕೊಬ್ಬು ರಕ್ತಕ್ಕೆ ಬರುತ್ತೆ ಅನ್ನೋವರೆಗೂ ಅರ್ಥವಾಯ್ತು.

ತೊಡಕು ಮುಂದೆ. ಚನ್ನಗಿರಿ ಹತ್ತಿರ ನಮ್ಮನೆಯ ಎಚ್‌ಎಫ್ ಹಸು ಕರು ಹಾಕಿದ ಮೇಲೆ ಹಿಂಡಿ ಮೂಸಿ ಮುಖ ತಿರುಗಿಸ್ತಿತ್ತು, ಬಾಯಲ್ಲಿ ಒಂಥರಾ ಸಿಹಿ ವಾಸನೆ. ಡಾಕ್ಟ್ರು ಕೀಟೋಸಿಸ್ (ಗ್ಲೂಕೋಸ್ ಸಾಲದೆ ಮೈಕೊಬ್ಬು ಕರಗಿ, ಅದರಿಂದಾಗೋ ಕೀಟೋನ್‌ಗಳು ರಕ್ತದಲ್ಲಿ ಜಾಸ್ತಿಯಾಗೋದು) ಅಂದು ಗ್ಲೂಕೋಸ್ ಏರಿಸಿದ್ರು. ಮೇವು ಸಾಲದಿದ್ರೇ ಹಸುವಿಗೆ ಹೀಗಾಗುತ್ತೆ. ತಿಂಗಳಿಡೀ ಉಪವಾಸವಿರೋ ಸೀಲ್ ರಕ್ತದಲ್ಲಿ ಕೀಟೋನ್ ಅಷ್ಟು ಕಮ್ಮಿ ಹೇಗೆ? ಅದರ ಹಾಲಲ್ಲಿ ಲ್ಯಾಕ್ಟೋಸ್ (ಗ್ಲೂಕೋಸ್‌ನಿಂದ ತಯಾರಾಗೋ ಹಾಲಿನ ಸಕ್ಕರೆ) ತೀರಾ ಕಮ್ಮಿ, ಹಾಗಾಗಿ ಗ್ಲೂಕೋಸ್ ಉಳಿಯುತ್ತೆ ಅನ್ನೋದು ನನ್ನ ಊಹೆ.

ಪಶುವೈದ್ಯರು, ಬಯೋಕೆಮಿಸ್ಟ್ರಿ ಓದಿದೋರು ಯಾರಾದ್ರೂ ಇದ್ರೆ ದಯವಿಟ್ಟು ತಿದ್ದಿ ಹೇಳಿ. ಸೆಮಿನಾರ್ ಮುಂದಿನ ಸೋಮವಾರ.