ಕೊನೆಭಾಗದಾಗ ನೆಲ್ಲು ಕೂರಿಗಿಲೆ ಬಿತ್ತಿದ್ರ ನಡೀತದಾ?

ಮಾನ್ವಿ ರೈತ:
ಅಣ್ಣಾರ ನಮಸ್ಕಾರ. ನಮ್ದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವಿ ಕೊನೆಭಾಗ, ನಾಕು ಎಕರೆ ಎರಿ ಹೊಲ. ಜುಲೈನಾಗ ನೀರು ಬಿಟ್ಟಾರಂತ ಪೇಪರ್‌ನಾಗ ಬರ್ತದ, ನಮ್ಮ ತೂಬಿಗೆ ಮುಟ್ಟೋದ್ರಾಗ ಆಗಸ್ಟ್ ಮುಗೀಲಿಕ್ಕೆ ಬಂದಿರ್ತದ, ಅಷ್ಟೊತ್ತಿಗೆ ಮಡಿಯಾಗಿನ ಸಸಿ ಬಲಿತು ಹೋಗಿರ್ತದ, ಮತ್ತ ನಾಟಿ ಆಳು ಎಲ್ಲಾರಿಗೂ ಒಂದೇ ಸಲ ಬೇಕು, ಕೇಳಿದಷ್ಟು ಕೂಲಿ ಕೊಡ್ಬೇಕು. ಈ ಸಲ ಮಳಿಗೇ ಕೂರಿಗಿ ಬಿತ್ತಬೇಕಂತ ಮಾಡೀನಿ. ಅಪ್ಪ ಒಪ್ಪವಲ್ಲ, ಕೆಸರು ಮಾಡದ ನೆಲ್ಲು ಬರ್ತದೇನಲೇ ಅಂತಾನ. ಮಾಡಿದೋರು ಹೇಳ್ರಿ, ನೆಲ್ಲಿನ ತಳಿ ಬಿಪಿಟಿ ಸೋನಾ ಹಾಕ್ಲೋ ಆರ್‌ಎನ್‌ಆರ್ ಹಾಕ್ಲೋ?

ಸಿಂಧನೂರು ಗದ್ದಿ:
ಧೈರ್ಯಲೆ ಬಿತ್ತು ತಮ್ಮ. ರಾಯಚೂರು ಕೃಷಿ ವಿಶ್ವವಿದ್ಯಾಲಯದೋರು ಇದನ್ನ ಹೇಳಾಕತ್ತಿ ಭಾಳ ವರ್ಷ ಆತು. ಎಕರೆಗೆ 10-12 ಕೆಜಿ ಬೀಜ ಸಾಕು, ಆಳ ಹೋಗಬಾರ್ದು, ಒಂದು ಒಂದೂವರೆ ಇಂಚು ಅಷ್ಟ. ಸೋನಾ 145-150 ದಿನ ತಗೊಂತದ, ನಿಮಗ ಕೊನಿಗೆ ನೀರಿಲ್ದ ಒಣಗ್ತದ, ಆರ್‌ಎನ್‌ಆರ್ 125 ದಿನಕ್ಕ ಕೊಯ್ಲಿಗೆ ಬರ್ತದ, ಅದನ್ನ ಹಾಕು. ಆದ್ರ ಕಸ! ಕೆಸರಿನ ಗದ್ದಿಯಾಗ ನೀರು ನಿಂತು ಕಸ ಸಾಯ್ತದ, ಇಲ್ಲಿ ಹಂಗಿಲ್ಲ. ಬಿತ್ತಿ ಎರಡು ಮೂರು ದಿನದಾಗ ಹಸಿ ಇದ್ದಾಗ ಕಸದ ಎಣ್ಣಿ ಪೆಂಡಿಮೆಥಾಲಿನ್ ಹೊಡಿ, ಆಮ್ಯಾಲೆ 20 ದಿನದ ಸುಮಾರಿಗೆ ಬಿಸ್ಪೈರಿಬ್ಯಾಕ್. ಒಣ ಮಣ್ಣಿಗೆ ಹೊಡೆದ್ರ ರೊಕ್ಕ ದಂಡ. ಎಲಿ ಬೆಳ್ಳಗ ತಿರುಗಿದ್ರ ಹೆದರಬ್ಯಾಡ, ಅದು ಕಬ್ಬಿಣ ಕಮ್ಮಿ, ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಸಿಂಪಡಿಸು.

ಗಂಗಾವತಿ ಲಾವಣಿ:
ಎಲ್ಲಾರಿಗೂ ಒಂದೇ ಮಾತು ಹೇಳಬ್ಯಾಡ್ರಿ ಅಣ್ಣ. ಹೊಲ್ದಾಗ ಸವುಳು ಐತೇನಂತ ಮೊದಲು ಕೇಳ್ರಿ. ನಮ್ಮ ಕಡೆ ಕಾಲುವಿ ಬದಿಗೆ ಬಿಸಲಿಗೆ ಬಿಳೇ ಉಪ್ಪು ಏಳೋ ತುಂಡು ಅದಾವು, ಅಂಥಲ್ಲಿ ಕೂರಿಗಿ ಬೀಜ ಮೊಳಕಿನ ಏಳಂಗಿಲ್ಲ, ಬಲಿತ ಸಸಿ ನಾಟಿ ಮಾಡಿದ್ರಷ್ಟ ತಡೀತಾವು. ಇನ್ನೊಂದು, ಹಿಂದಿನ ಬೆಳಿ ಉದುರಿದ ಕಾಳು ತಾನ ಹುಟ್ಟಿ ಬೆರಕಿ ಆಗತೈತಿ. ವ್ಯಾಪಾರಸ್ಥ ಅಂಗೈ ಮ್ಯಾಲೆ ನಾಕು ಕಾಳು ತಿಕ್ಕಿ ನೋಡಿ ಅಲ್ಲೇ ರೇಟು ಇಳಸ್ತಾನ.

ಮಾನ್ವಿ ರೈತ:
ಸವುಳು ಬದುವಿನ ಕಡೆ ಅರ್ಧ ಎಕರೆ ಅದ. ಅಲ್ಲಿ ಏನ್ ಮಾಡ್ಲಿ? ಮತ್ತ ಚೀಲದ ಲೆಕ್ಕ ಹಾಕಿದ್ರ ಏನಾರ ಉಳೀತದಾ?

ಸಿಂಧನೂರು ಗದ್ದಿ:
ಅರ್ಧ ಎಕರೆಗೆ ಸಣ್ಣ ಮಡಿ ಬಿಟ್ಟು ನಾಟಿ ಮಾಡು, ಉಳಿದದ್ದು ಕೂರಿಗಿ. ಲೆಕ್ಕ ಅಂದ್ರ, 2025-26ಕ್ಕ ಸಾಮಾನ್ಯ ನೆಲ್ಲಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2369, ನಮ್ಮ 75 ಕೆಜಿ ಚೀಲಕ್ಕ 1776 ಚಿಲ್ಲರೆ ಬಿತ್ತು. ದಲಾಲಿ ಅಂಗಡ್ಯಾಗ ಹೇಳೋ ರೇಟು ಚೀಲದ್ದೋ ಕ್ವಿಂಟಲ್‌ದ್ದೋ ಕೇಳ್ಕೋ, ಅದ್ರಾಗ ಹಮಾಲಿ, ಹಸಿ ಅಂತ ಕಡಿಯೋ ಕೆಜಿ ಬ್ಯಾರೆ. ಇಳುವರಿ ನಾಟಿಗಿಂತ ಹೆಚ್ಚು ಬರ್ತದಂತ ನಾ ಹೇಳಂಗಿಲ್ಲ, ಮಡಿ, ಕೆಸರು ಹೊಡೆಯೋ ಟ್ರ್ಯಾಕ್ಟರು, ನಾಟಿ ಕೂಲಿ ಉಳೀತದಲ್ಲ, ಅದ ಲಾಭ.

ಕಾರಟಗಿ ಕಡೆಯವ:
ನಾವು ಕಾಲುವಿ ಮ್ಯಾಲಿನೋರು ನೀರು ಕುಡಿತೀವಂತ ಬೈಯಾಕ ಬರೋ ಮೊದ್ಲ ಹೇಳ್ತೀನಿ, ತುಂಗಭದ್ರಾ ಡ್ಯಾಮಿನಾಗ ಮೊದಲು 133 ಟಿಎಂಸಿ ನೀರು ಹಿಡೀತಿತ್ತು, ಹೂಳು ತುಂಬಿ ಈಗ 105ರ ಆಸುಪಾಸು, ಆಗಸ್ಟ್ 2024ರಾಗ 19ನೇ ಗೇಟು ಕೊಚ್ಚಿ ಹೋಗಿದ್ದು ಗೊತ್ತ ಐತಿ.

ಮಾನ್ವಿ ರೈತ:
ಹೂಳು ಖರೆ ಅಣ್ಣ, ಆದ್ರ ಅರೆನೀರಾವರಿ, ಅಂದ್ರ ಕಮ್ಮಿ ನೀರಿನ ಬೆಳಿಗೆ ಅಂತ ಬರೆದ ಹೊಲಕ್ಕ ಮ್ಯಾಲಿನೋರು ನೆಲ್ಲು ಹಚ್ಚಿದ್ದೂ ಖರೇನ. ಇರ್ಲಿ. ಕೂರಿಗಿ ಮಷೀನು ಬಾಡಿಗಿಗೆ ಎಲ್ಲಿ ಸಿಗ್ತದ ಯಾರಾರ ಹೇಳ್ರಿ, ಮಳಿ ಆತಂದ್ರ ಬಿತ್ತೋದ.