ಪದ ಬೇಕು, ನಾಳೆ ಸಂಜೆಯೊಳಗೆ: ‘ಸ್ಟೋರಿಟೆಲಿಂಗ್ ಕ್ಯಾಂಪೇನ್’

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ. ಬ್ಯಾನರ್ ಬರೆಯುವವರಿಗೆ ನಾಳೆ ಸಂಜೆಯೊಳಗೆ ಅಕ್ಷರ ಕೊಡಬೇಕು. ಹತ್ತು ಅಡಿ ಬಟ್ಟೆ, ಒಂದೇ ಸಾಲು.

ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಶಾಲು ಹಾರ ಸಾಕು, ಈ ಸಲ ಬೇರೆ ಏನಾದರೂ ಮಾಡೋಣ ಅಂತ ನಮ್ಮೂರಿನ ಸಂಘದ ಹೆಣ್ಣುಮಕ್ಕಳು ಹೊರಟಿದ್ದಾರೆ. ಹದಿನಾಲ್ಕು ಜನ ತಮ್ಮ ಕೆಲಸದ ಬಗ್ಗೆ ತಾವೇ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಾರೆ. ಬಸ್ ಸ್ಟ್ಯಾಂಡ್, ಸಂತೆ, ಕಾಲೇಜಿನ ಗೇಟು, ಹೀಗೆ ನಡೆಯುತ್ತಾ ಅದನ್ನು ಜನಕ್ಕೆ ಕೇಳಿಸುವುದು ಕೆಲಸ. ದುಡ್ಡು ಕೊಟ್ಟವರ ಕಾಗದದಲ್ಲಿ ಇದರ ಹೆಸರು ‘ಸ್ಟೋರಿಟೆಲಿಂಗ್ ಕ್ಯಾಂಪೇನ್’. ಕನ್ನಡದಲ್ಲಿ ಏನನ್ನಬೇಕು?

ನಾನು ಮೊದಲು ‘ನಮ್ಮ ಕಥೆ ಹೇಳುತ್ತೇವೆ, ಬನ್ನಿ’ ಅಂತ ಬರೆದು ತೋರಿಸಿದೆ. ಒಬ್ಬ ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ಹೇಳಿದರು: “ಕತೆ ಹೇಳ್ಬೇಡ ಅಂತ ಮೇಸ್ತ್ರಿ ದಿನಾ ಬೆಳಿಗ್ಗೆ ಬೈತಾನೆ. ಜ್ವರ ಅಂದ್ರೆ ಕತೆ. ಮಗು ಹುಷಾರಿಲ್ಲ ಅಂದ್ರೆ ಕತೆ. ಅದನ್ನೇ ಬೋರ್ಡಲ್ಲಿ ಬರೀತೀಯೇನವ್ವಾ?” ನನಗೆ ಮಾತೇ ಹೊರಡಲಿಲ್ಲ.

ಅದೇ ಅಮ್ಮ ರೆಕಾರ್ಡಿನಲ್ಲಿ ಹೇಳಿರುವುದು ಇಷ್ಟು: ಬಿಸಿಲಲ್ಲಿ ಮನೆ ಮುಂದೆ ನೀರು ಕೇಳಿದರೆ ಲೋಟ ಕೊಡಲ್ಲ, ಬೊಗಸೆ ಒಡ್ಡು ಅಂತಾರೆ, ಮೇಲಿಂದ ಹೊಯ್ತಾರೆ, ಅರ್ಧ ಸೀರೆ ಮೇಲೆ ಬೀಳುತ್ತೆ. ಇದನ್ನು ಯಾರೂ ‘ಕಥೆ’ ಅಂದುಕೊಳ್ಳಬಾರದು ನೋಡಿ.

‘ಅಳಲು’ ನೋಡಿದೆ. ಪತ್ರಿಕೆಯವರು ‘ಅಳಲು ತೋಡಿಕೊಂಡರು’ ಅಂತ ಬರೆದೂ ಬರೆದೂ ಅದು ಸವೆದಿದೆ. ಮೇಲಾಗಿ ಅದರೊಳಗೇ ಅಳು ಇದೆ, ಇವರು ಅಳುತ್ತಿಲ್ಲ. ‘ನಿರೂಪಣೆ’ ಅಂದರೆ ಟಿವಿಯವರ ಕೆಲಸ. ‘ಹೇಳಿಕೆ’ ಅಂದರೆ ಪೊಲೀಸರು ಬರೆದುಕೊಳ್ಳುವುದು. ದಯವಿಟ್ಟು ಬೇಗ ಹೇಳಿ.

ಮೈಸೂರಿನಿಂದ

ಕಥನ ಅಭಿಯಾನ. ಮುಗಿಯಿತು.

‘ಕಥ್’ ಧಾತುವಿಗೆ ‘ಹೇಳು’ ಅಂತಲೇ ಅರ್ಥ, ಸುಳ್ಳಿನ ಸೋಂಕು ಅದರಲ್ಲಿಲ್ಲ. ‘ಆತ್ಮಕಥನ’ವನ್ನು ಯಾರೂ ಕಟ್ಟುಕಥೆ ಅನ್ನಲ್ಲ. ‘ಕಥೆ’ಯನ್ನೂ ಸುಮ್ನೆ ದೂರಬೇಡಿ. ‘ಏನಪ್ಪಾ ನಿನ್ನ ಕಥೆ?’ ಅಂದರೆ ಯೋಗಕ್ಷೇಮ ವಿಚಾರಿಸಿದ ಹಾಗೆ. ಕೆಟ್ಟಿರುವುದು ‘ಕಥೆ ಹೇಳು’, ‘ಕಥೆ ಕಟ್ಟು’ ಅನ್ನುವ ನುಡಿಗಟ್ಟು ಮಾತ್ರ. ಬೈಗುಳದಲ್ಲಿ ಬಂತು ಅಂತ ಪದ ಬಿಡುತ್ತಾ ಹೋದರೆ ನಿಘಂಟಿನಲ್ಲಿ ಏನು ಉಳಿಯುತ್ತೆ?

ಶಿವಮೊಗ್ಗದಿಂದ

ಮೇಷ್ಟ್ರೇ, ಒಪ್ಪಲ್ಲ. ‘ಕಥನ’ವನ್ನು ಸಂತೆಯಲ್ಲಿ ಜೋರಾಗಿ ಓದಿಸಿ. ಎಲ್ಲರ ಬಾಯಲ್ಲೂ ‘ಕತನ’ ಆಗುತ್ತೆ. ಉಸಿರು ಒತ್ತಿ ಹೇಳುವ ಅಕ್ಷರ ನಮ್ಮ ಆಡುಮಾತಿನಲ್ಲಿ ಇಲ್ಲ, ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ಟರು ಇದನ್ನು ಎಷ್ಟೋ ವರ್ಷ ಹೇಳಿದರು. ಓದುವವರು ನಾಚಿಕೊಳ್ಳುವ ಪದವನ್ನು ಅವರ ಬ್ಯಾನರಿನಲ್ಲೇ ಹಾಕುವುದು ತಪ್ಪು.

‘ಅಭಿಯಾನ’ ಇನ್ನೂ ಬೇಡ. ಸಂಸ್ಕೃತದಲ್ಲಿ ಅದು ಎದುರಾಳಿಯ ಮೇಲೆ ಏರಿ ಹೋಗುವುದು. ಅದಿರಲಿ, 2014ರ ಅಕ್ಟೋಬರ್ 2ರಿಂದ ಆ ಪದ ಸ್ವಚ್ಛ ಭಾರತದ್ದಾಗಿದೆ. ದಿನಾ ಗುಡಿಸುವವರಿಗೆ ಅದು ಬೇರೆಯವರು ಪೊರಕೆ ಹಿಡಿದು ಫೋಟೊ ತೆಗೆಸಿಕೊಂಡ ದಿನದ ನೆನಪು.

ನನ್ನ ಪದ ‘ಪಾಡು’. ಕೆಡು, ಕೇಡು. ಬಿಡು, ಬೀಡು. ಇಡು, ಈಡು. ಹಾಗೇ ಪಡು, ಪಾಡು. ಪಟ್ಟದ್ದು ಯಾವುದೋ ಅದೇ ಪಾಡು. ಇವರು ಹೇಳುತ್ತಿರುವುದು ಅದನ್ನೇ ಅಲ್ವಾ? ‘ನಮ್ಮ ಪಾಡು’. ಎರಡೇ ಪದ, ಎರಡೂ ನಮ್ಮವು.

ಮೈಸೂರಿನಿಂದ

ಮೊದಲು ‘ನಾಯಿಪಾಡು’ ನೆನಪಾಗುತ್ತೆ. ಆ ಹೆಣ್ಣುಮಕ್ಕಳ ಕೈಯಲ್ಲಿ ಆ ಬಟ್ಟೆ ಹಿಡಿಸುತ್ತೀರಾ?

ಶಿವಮೊಗ್ಗದಿಂದ

‘ಅವರ ಪಾಡಿಗೆ ಅವರಿದ್ದಾರೆ’ ಅನ್ನುವುದೂ ಇದೆ. ನಿಮಗೆ ನಾಯಿಯೇ ನೆನಪಾದರೆ ನಾನೇನು ಮಾಡಲಿ? ಅಚ್ಚಗನ್ನಡದ ಪದ ಬಂದ ಕೂಡಲೇ ಅದರಲ್ಲಿ ಕೊಳಕು ಹುಡುಕುವುದು ಹಳೇ ಚಾಳಿ.

ಕಲಬುರಗಿಯಿಂದ

ಇಬ್ಬರೂ ಬೇರಿನ ಜಗಳ ಹಚ್ಚಿದ್ದೀರಿ, ಅವರಿಗೆ ಬ್ಯಾನರ್ ಬೇಕು.

ನಮ್ಮ ಕಡೆ ಇದಕ್ಕೆ ಪದ ಇದೆ, ‘ಅಹವಾಲು’. ಅರಬ್ಬಿಯಲ್ಲಿ ‘ಹಾಲ್’ ಅಂದರೆ ಸ್ಥಿತಿ, ಅದರ ಬಹುವಚನ ‘ಅಹ್ವಾಲ್’. ತಹಸೀಲ್ದಾರ ಕಚೇರಿಗೆ ಹೋದ ಯಾವ ಮುದುಕಿಗೂ ಇದು ಗೊತ್ತು. ‘ಕ್ಯಾಂಪೇನ್’ಗೆ ‘ಜಾಥಾ’ ಅನ್ನಿ. ಪಂಜಾಬಿನಿಂದ ಬಂದದ್ದು ನಿಜ. 1979ರಲ್ಲಿ ‘ಸಮುದಾಯ’ ರಂಗತಂಡದವರು ನಾಟಕ ಹಾಡು ಕಟ್ಟಿಕೊಂಡು ಹಳ್ಳಿ ಹಳ್ಳಿಗೆ ನಡೆದದ್ದು ಈ ಹೆಸರಿನಲ್ಲೇ. ಅದಕ್ಕೆ ಕನ್ನಡ ಪದ ಹುಡುಕುತ್ತಾ ಅವರು ಊರಲ್ಲೇ ಕೂರಲಿಲ್ಲ.

ಶಿವಮೊಗ್ಗದವರಿಗೆ ಒಂದು ಮಾತು. ಪೌರಕಾರ್ಮಿಕರ ಬಾಯಿಂದ ಎರವಲು ಪದ ಕಿತ್ತರೆ ಏನುಳಿಯುತ್ತೆ ನೋಡಿ. ಹಾಜರಿ ಅರಬ್ಬಿಯದು. ಪಗಾರ ಪೋರ್ಚುಗೀಸರದು. ಅವರು ಇಷ್ಟು ವರ್ಷ ಹೋರಾಡುತ್ತಿರುವುದು ‘ಕಾಯಂ’ ಆಗಲಿಕ್ಕೆ, ಅದೂ ಅರಬ್ಬಿ. ಬೇಡ ಬೇಡ ಅನ್ನುತ್ತಿರುವುದು ‘ಗುತ್ತಿಗೆ’. ಅದು ನಿಮ್ಮ ಅಚ್ಚಗನ್ನಡ.

ಶಿವಮೊಗ್ಗದಿಂದ

ಪದ ಎಲ್ಲಿಂದಾದರೂ ಬರಲಿ, ಬೇಡ ಅಂದಿಲ್ಲ. ಇರುವ ಪದ ಸಾಯಬಾರದು ಅಂದೆ. ಎರಡೂ ಒಂದೇ ಅಲ್ಲ.

ಹಾವೇರಿಯಿಂದ

ಸಣ್ಣ ಸೇರಿಕೆ. ‘ಅಹವಾಲು’ ಅಂದರೆ ಸಲ್ಲಿಸುವುದು, ಮೇಲೆ ಒಬ್ಬ ಸಾಹೇಬ ಕೂತಿರಲೇಬೇಕು. ಸಂತೆಯಲ್ಲಿ ಸಾಹೇಬ ಯಾರು?

2010ರ ಜುಲೈಯಲ್ಲಿ ನಮ್ಮ ಸವಣೂರಿನಲ್ಲಿ, ಮಲ ಹೊರುವ ಕೆಲಸಕ್ಕೆ ಹಚ್ಚಿದ್ದ ಭಂಗಿ ಸಮುದಾಯದವರು ಪುರಸಭೆ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಎಷ್ಟು ಅಹವಾಲು ಕೊಟ್ಟರೂ ಆಗದ್ದಕ್ಕೆ ಕೊನೆಗೆ ಮಾಡಿದ್ದು ಅದು. ಕ್ಯಾಮೆರಾಗಳು ಬಂದವು. ಆ ಚಿತ್ರ ಇವತ್ತಿಗೂ ಎಲ್ಲರ ಕಣ್ಣಲ್ಲಿದೆ. ಅವರು ಕೇಳಿದ್ದು ಏನು? ತಲೆತಲಾಂತರದಿಂದ ಇರುವ ಜಾಗದಿಂದ ಎಬ್ಬಿಸಬೇಡಿ ಅಂತ. ಅದು ಎಷ್ಟು ಜನಕ್ಕೆ ನೆನಪಿದೆ? ಚಿತ್ರ ಬೇರೆಯವರು ತೆಗೆದರು, ಮಾತು ಅಲ್ಲೇ ಉಳಿಯಿತು. ಅದಕ್ಕೇ ಈ ಹದಿನಾಲ್ಕು ದನಿ ನನಗೆ ತುಂಬಾ ಮುಖ್ಯ ಅನ್ನಿಸುತ್ತೆ. ಪದ ಸರಿಯಾಗಿ ಆರಿಸಿ.

ಕೋಲಾರದಿಂದ

ತಡವಾಗಿ ಓದಿದೆ. ನಾನು ಕೆಜಿಎಫ್ ಕಡೆಯವನು. ಮಲ ಹೊರಿಸುವುದರ ವಿರುದ್ಧ ಹೋರಾಡಿದ ಬೆಜವಾಡ ವಿಲ್ಸನ್ ಹುಟ್ಟಿದ ಊರು. 1990ರ ದಶಕದ ಶುರುವಿನಲ್ಲಿ ಅವರು ಇಲ್ಲಿನ ಒಣ ಕಕ್ಕಸುಗಳ (ನೀರಿಲ್ಲದ, ಕೈಯಿಂದಲೇ ಬಳಿಯಬೇಕಾದವು) ಫೋಟೊ ತೆಗೆದು ಪ್ರಧಾನಿಯವರೆಗೆ ಕಾಗದ ಬರೆದರು. ಹಾಗಾಗಿ ಇಂಥ ಪ್ರಚಾರದಲ್ಲಿ ಪದ ಎಷ್ಟು ಕೆಲಸ ಮಾಡುತ್ತೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

ಮೊದಲನೆಯದು, ಎರವಲು ಒಳ್ಳೆಯದೋ ಕೆಟ್ಟದೋ ಅನ್ನುವ ಜಗಳ ಇಲ್ಲಿ ನಡೆಯಲ್ಲ. ‘ಪೌರಕಾರ್ಮಿಕ’ ಪೂರ್ತಿ ಸಂಸ್ಕೃತ. ಆದರೂ ‘ಜಾಡಮಾಲಿ’, ‘ತೋಟಿ’ ಅಂತ ಕರೆಸಿಕೊಂಡವರಿಗೆ ಆ ಪದ ಬಂದಾಗ ಎಷ್ಟು ಬಲ ಬಂತು ಅಂತ ನಮ್ಮ ಮನೆ ಹಿರಿಯರನ್ನು ಕೇಳಿ.

ಎರಡನೆಯದು ನನಗೆ ಬಹಳ ನೋವಿನ ವಿಷಯ. ನಾವೆಲ್ಲ ‘ಮಲ ಹೊರುವ ಪದ್ಧತಿ’ ಅಂತಲೇ ಬರೆಯುತ್ತೇವೆ. ಹಬ್ಬಕ್ಕೆ ಪದ್ಧತಿ ಇರುತ್ತೆ, ಮದುವೆಗೆ ಇರುತ್ತೆ. ಇದು 1970ರ ದಶಕದಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ನಿಲ್ಲಿಸಲು ಹೊರಟದ್ದು. ಇದನ್ನು ನಿಷೇಧಿಸಿ 1993ರ ಕಾಯಿದೆ ಬಂತು, 2013ರಲ್ಲಿ ಇನ್ನೊಂದು ಬಂತು. ಅಪರಾಧವನ್ನು ‘ಪದ್ಧತಿ’ ಅಂದರೆ ಮಾಡಿಸಿದವನು ವಾಕ್ಯದಿಂದ ಜಾರಿಕೊಳ್ಳುತ್ತಾನೆ.

ಮ್ಯಾನ್‌ಹೋಲ್ ಸುದ್ದಿಯಲ್ಲೂ ಇದೇ. ‘ಉಸಿರುಗಟ್ಟಿ ಇಬ್ಬರ ಸಾವು’. ಸಾಯು ಅನ್ನುವ ಕ್ರಿಯೆಗೆ ಕರ್ಮ ಬೇಕಿಲ್ಲ, ತಾವೇ ಸತ್ತ ಹಾಗೆ. 2015ರ ಡಿಸೆಂಬರಿನಿಂದ 125 ದಿನ ದೇಶ ಸುತ್ತಿದ, ವಿಲ್ಸನ್ ಅವರ ಸಂಘಟನೆಯ ಭೀಮಯಾತ್ರೆಯ ಕೂಗು ಏನಿತ್ತು? ‘ನಮ್ಮನ್ನು ಕೊಲ್ಲುವುದನ್ನು ನಿಲ್ಲಿಸಿ’. ಕೊಲ್ಲು ಅಂದ ಕೂಡಲೇ ‘ಯಾರು?’ ಅಂತ ಕೇಳಲೇಬೇಕು. ಸುಪ್ರೀಂ ಕೋರ್ಟ್ 2014ರಲ್ಲಿ ಇಂಥ ಸಾವಿಗೆ 10 ಲಕ್ಷ, 2023ರಲ್ಲಿ 30 ಲಕ್ಷ ಪರಿಹಾರ ಅಂದಿತು. ದುಡ್ಡು ಬರಬೇಕು, ಸರಿ. ಆದರೆ ಕ್ರಿಯಾಪದ ಬದಲಾಗದೆ ಗುಂಡಿಗೆ ಇಳಿಸುವುದು ನಿಲ್ಲಲ್ಲ.

ಈಗ ನಿಮ್ಮ ಬ್ಯಾನರ್. ಕಥನ, ಪಾಡು, ಅಹವಾಲು, ಮೂರೂ ನಾಮಪದ. ಹೇಳುವವರು ಯಾರು ಅಂತ ಯಾವುದರಲ್ಲೂ ಇಲ್ಲ. ಇಂಗ್ಲಿಷಿನಲ್ಲಿ ನಾಮಪದ ಇದೆ ಅಂತ ನಮಗೂ ನಾಮಪದವೇ ಬೇಕು ಅನ್ನುವುದು ಏಕೆ? ನಮ್ಮ ಕ್ರಿಯಾಪದದ ಬಾಲದಲ್ಲೇ ‘ನಾವು’ ಇದೆ. ಅದನ್ನು ಬಳಸಿ.

ಮೈಸೂರಿನಿಂದ

ಕೋಲಾರದವರ ‘ಪದ್ಧತಿ’ಯ ಮಾತು ಒಪ್ಪಿದೆ. ನಾನೇ ಎಷ್ಟೋ ಕಡೆ ಹಾಗೆ ಬರೆದಿದ್ದೇನೆ, ಇನ್ನು ಬರೆಯಲ್ಲ. ‘ಕಥನ’ ತಪ್ಪು ಅಂತ ಮಾತ್ರ ಒಪ್ಪಲ್ಲ.

ಪ್ರಶ್ನೆ ಕೇಳಿದವಳಿಂದ

ಎಲ್ಲರಿಗೂ ವಂದನೆ. ಬೆಳಿಗ್ಗೆ ಆರಕ್ಕೆ ಹಾಜರಿ ಹಾಕುವ ಜಾಗಕ್ಕೆ ಹೋಗಿ ಎಲ್ಲಾ ಪದ ಓದಿ ಹೇಳಿದೆ. ‘ಕಥನ’ಕ್ಕೆ ಯಾರೂ ಏನೂ ಹೇಳಲಿಲ್ಲ. ‘ಪಾಡು’ ಇಬ್ಬರಿಗೆ ಇಷ್ಟವಾಯಿತು, ಒಬ್ಬರು “ಪಾಡು ಅಂತ ನಾವೇ ಯಾಕೆ ಬರ್ಕೋಬೇಕು” ಅಂದರು. ‘ಜಾಥಾ’ ಎಲ್ಲರಿಗೂ ಗೊತ್ತಿತ್ತು, ಅದು ಉಳಿಯಿತು. ಕೊನೆಗೆ ಆ ನೀರಿನ ಅಮ್ಮ ಪೊರಕೆ ಗೋಡೆಗೆ ಒರಗಿಸಿ ಹೇಳಿದ್ದನ್ನೇ ಬ್ಯಾನರಿಗೆ ಕೊಟ್ಟಿದ್ದೇನೆ: ‘ನಾವೇ ಹೇಳ್ತೀವಿ, ನಿಂತು ಕೇಳಿ’. ಕೆಳಗೆ ಸಣ್ಣದಾಗಿ ‘ಪೌರಕಾರ್ಮಿಕರ ಜಾಥಾ’.

ಬರೆಯುವವರು ‘ಹೇಳುತ್ತೇವೆ’ ಅಂತ ತಿದ್ದಿದ್ದರು, ಮತ್ತೆ ‘ಹೇಳ್ತೀವಿ’ ಮಾಡಿಸಿದೆ. ಇನ್ನೊಂದು ಸಂಶಯ ಉಳಿದಿದೆ: ‘ಪೌರಕಾರ್ಮಿಕ’ ಕೂಡಿಸಿ ಬರೆಯಬೇಕೋ, ಬಿಡಿಸಿಯೋ? ಸರ್ಕಾರದ ಕಾಗದಗಳಲ್ಲಿ ಎರಡೂ ಇದೆ. ಬಟ್ಟೆಯ ಮೇಲೆ ಇನ್ನೂ ಪೆನ್ಸಿಲ್ಲಿನಲ್ಲೇ ಇದೆ, ಮಧ್ಯಾಹ್ನ ಮೂರರ ಒಳಗೆ ಹೇಳಿದರೆ ಸಾಕು.