ಆಮೆ ಬೆನ್ನಿಗೆ ಟ್ಯಾಗ್ ಹಚ್ಚಿದರೆ ನಮ್ಮ ಬೋಟು ಬಂದ್ ಆಗುತ್ತಾ?

ಪ್ರಶ್ನೆ: ಕಾರವಾರದ ಬೈತಖೋಲದಲ್ಲಿ ನಮ್ಮದೊಂದು ಟ್ರಾಲ್ ಬೋಟಿದೆ. ಕಡಲಾಮೆ ಬೆನ್ನಿಗೆ ಯಂತ್ರ ಅಂಟಿಸಿ ಅದು ಹೋದಲ್ಲೆಲ್ಲ ನಕ್ಷೆ ಮಾಡುತ್ತಾರಂತೆ. ನಾಳೆ ಅದೇ ನಕ್ಷೆ ತೋರಿಸಿ ‘ಇಲ್ಲಿ ಬಲೆ ಬಿಡಬೇಡಿ’ ಅಂದರೆ? ಇನ್ನೊಂದು, ಹೋದ ತಿಂಗಳು ಬಲೆಗೆ ಬಂದ ಆಮೆಯ ಮುಂಗಾಲಲ್ಲಿ ಲೋಹದ ಬಿಲ್ಲೆ ಇತ್ತು. ಏನದು?

ಉತ್ತರ (ಕಡಲಜೀವಿ ಸಂಶೋಧಕಿ): ಬಿಲ್ಲೆಯಿಂದಲೇ ಶುರು ಮಾಡುತ್ತೇನೆ. ಅದರ ಮೇಲೆ ನಂಬರ್ ಇರುತ್ತದೆ, ಅಷ್ಟೇ. ಬ್ಯಾಟರಿ ಇಲ್ಲ, ಸಿಗ್ನಲ್ ಇಲ್ಲ. ಯಾರಾದರೂ ಓದಿ ತಿಳಿಸಿದರೆ ಮಾತ್ರ ಅದಕ್ಕೆ ಬೆಲೆ. 2021ರಲ್ಲಿ ಒಡಿಶಾದಲ್ಲಿ 03233 ನಂಬರ್ ಹಾಕಿದ ಆಮೆ 2025ರ ಜನವರಿಯಲ್ಲಿ ಮಹಾರಾಷ್ಟ್ರದ ರತ್ನಾಗಿರಿಯ ಗುಹಾಗರದಲ್ಲಿ ಮೊಟ್ಟೆ ಇಡಲು ಬಂತು. ಪೂರ್ವ ಕರಾವಳಿಯ ಆಮೆ ಬೇರೆ, ಪಶ್ಚಿಮದ್ದು ಬೇರೆ ಅಂದುಕೊಂಡಿದ್ದವರೆಲ್ಲ ಮತ್ತೊಮ್ಮೆ ಯೋಚಿಸಬೇಕಾಯಿತು.

ನೀವು ಹೇಳಿದ ಯಂತ್ರ ಬೇರೆ, ಅದು ಸ್ಯಾಟಲೈಟ್ ಟ್ಯಾಗ್. ಅದನ್ನು ಚಿಪ್ಪಿಗೆ ಎಪಾಕ್ಸಿ ಅಂಟಿನಿಂದ ಕೂರಿಸುತ್ತಾರೆ. ಉಪ್ಪುನೀರಲ್ಲಿ ಸಿಗ್ನಲ್ ಹೋಗುವುದಿಲ್ಲ. ಆಮೆ ಉಸಿರಿಗೆ ಮೇಲೆ ಬಂದಾಗ ಆಂಟೆನಾ ಗಾಳಿಗೆ ಸಿಕ್ಕರೆ ನಕ್ಷೆಯಲ್ಲಿ ಒಂದು ಚುಕ್ಕೆ ಬೀಳುತ್ತದೆ. ಕೆಲವು ತಿಂಗಳಲ್ಲಿ ಸಿಗ್ನಲ್ ನಿಂತೇ ಹೋಗುವುದೂ ಉಂಟು. ಆಗ ಆಮೆ ಸತ್ತಿತೋ, ಟ್ಯಾಗ್ ಬಿತ್ತೋ ಹೇಳಲಾಗದು. 2023ರಲ್ಲಿ ಗುಹಾಗರದಿಂದ ಹೊರಟ ಬಾಗೇಶ್ರೀ ಎಂಬ ಟ್ಯಾಗ್ ಹಾಕಿದ ಆಮೆ ಶ್ರೀಲಂಕಾ ಸುತ್ತಿ ಬಂಗಾಳ ಕೊಲ್ಲಿ ಸೇರಿತು. ಅಂದರೆ ನಮ್ಮ ಕಡಲು ದಾಟಿಯೇ ಹೋಗಿದೆ, ಅಲ್ವಾ? ಹಾಗಂತ ಎರಡು-ಮೂರು ಆಮೆಗಳ ಗೆರೆ ನೋಡಿ ಇಡೀ ಕಡಲಿಗೆ ಬೇಲಿ ಹಾಕುವುದು ತಪ್ಪು. ಇದು ನನ್ನ ಅಭಿಪ್ರಾಯ.

ಒಡಿಶಾದಲ್ಲಿ ಸಾವಿರಾರು ಆಮೆ ಒಟ್ಟಿಗೇ ಬರುತ್ತವೆ. ಅದಕ್ಕೇ ಅಲ್ಲಿ ನದಿಮುಖಗಳೆದುರು 20 ಕಿ.ಮೀ.ವರೆಗೆ ನವೆಂಬರ್ 1ರಿಂದ ಮೇ 31ರ ತನಕ ಮೀನುಗಾರಿಕೆ ನಿಷೇಧ. ನಮ್ಮ ಉತ್ತರ ಕನ್ನಡದ ದೇವಬಾಗ, ಕಾಸರಕೋಡ ಟೊಂಕದಲ್ಲಿ ಅಲ್ಲೊಂದು ಇಲ್ಲೊಂದು ಗೂಡು. ಆ ಅಳತೆ ಇಲ್ಲಿಗೆ ಹೊಂದಲ್ಲ. ಆದರೆ ನಮ್ಮ 61 ದಿನದ ಮೀನುಗಾರಿಕೆ ಬಂದ್ ಬರುವುದು ಜೂನ್-ಜುಲೈಯಲ್ಲಿ. ಆಮೆ ದಡಕ್ಕೆ ಬರುವುದು ಚಳಿಗಾಲದಲ್ಲಿ. ಹಾಗಾಗಿ ಬಂದ್‌ನಿಂದ ಮೊಟ್ಟೆ ಇಡುವ ಆಮೆಗೆ ಲಾಭ ಕಮ್ಮಿ. ಚಳಿಗಾಲದ ಚುಕ್ಕೆಗಳ ಪಕ್ಕ ನಿಮ್ಮ ಜಿಪಿಎಸ್‌ನಲ್ಲಿರುವ ಬಲೆ ಬಿಟ್ಟ ಜಾಗ ಇಟ್ಟು ನೋಡಿದರೆ, ಕಡಲಿನ ಯಾವ ಪಟ್ಟಿಯಲ್ಲಿ, ಎಷ್ಟು ವಾರ ಬಲೆ ಬಿಡಬಾರದು ಅಂತ ಖಚಿತವಾಗಿ ಮಾತಾಡಬಹುದು. ಇಂಥ ನಿರ್ಧಾರದ ಸಭೆ ಕರೆದರೆ ಆ ದಾಖಲೆ ನೀವೇ ತನ್ನಿ. ಇಲ್ಲದಿದ್ದರೆ ಬೇರೆಯವರು ಗೆರೆ ಎಳೆಯುತ್ತಾರೆ.

ಪ್ರಶ್ನೆ: ಸರಿ ಮೇಡಂ. ಮತ್ತೆ ಸಿಕ್ಕರೆ? ಆ ಸಲ ಸತ್ತೇಹೋಗಿದೆ ಅಂತ ನೀರಿಗೆ ಬಿಟ್ಟೆವು.

ಉತ್ತರ: ಅಲ್ಲಾಡದ ಆಮೆಯೆಲ್ಲ ಸತ್ತಿರುವುದಿಲ್ಲ! ಹಾಗೇ ಬಿಟ್ಟರೆ ಮುಳುಗಿ ಸಾಯುತ್ತದೆ. ಹೊಟ್ಟೆ ಕೆಳಗೆ ಮಾಡಿ ಮಲಗಿಸಿ, ಹಿಂಭಾಗಕ್ಕೆ ಒಂದು ಗೇಣು ಎತ್ತರ ಕೊಡಿ, ಶ್ವಾಸಕೋಶದ ನೀರು ಇಳಿಯಲಿ. ನೆರಳಲ್ಲಿಟ್ಟು ಒದ್ದೆ ಬಟ್ಟೆ ಹಾಕಿ, ಮೂಗು ಮುಚ್ಚಬೇಡಿ. ಚೇತರಿಸಲು 24 ಗಂಟೆಯೂ ಬೇಕಾಗಬಹುದು. ಬಿಲ್ಲೆ ಕೀಳಬೇಡಿ. ಎರಡೂ ಬದಿ ಫೋಟೋ ತೆಗೆದು, ಜಾಗ, ಹೊತ್ತು ಬರೆದು ಅರಣ್ಯ ಇಲಾಖೆಗೆ ಕಳಿಸಿ. ಬಿಡುವಾಗ ಇಂಜಿನ್ ನ್ಯೂಟ್ರಲ್‌ನಲ್ಲಿರಲಿ.